ರೇಸ್ ಬಿಟ್ಟ ಕುದುರೆಯನ್ನು ತೋಟದಲ್ಲಿ ಸಾಕಬಹುದಾ?

ತಳಿ ತೋಟದವನು:
ನಮ್ಮದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿ ಊರಿನ ಹತ್ತಿರ ನಾಲ್ಕು ಎಕರೆ. ರಾಗಿ, ಹುರುಳಿ, ಸ್ವಲ್ಪ ಟೊಮೆಟೊ, ಎರಡು ಸೀಮೆ ಹಸು. ಬೆಂಗಳೂರಿನ ಪರಿಚಯದವರೊಬ್ಬರು ರೇಸ್ ಬಿಟ್ಟ ಕುದುರೆಯನ್ನು ಸುಮ್ನೆ ಕೊಡುತ್ತೇನೆ ಅಂತಿದ್ದಾರೆ. ಆರು ವರ್ಷದ್ದು, ಬೀಜ ಒಡೆಸಿದ ಗಂಡು. ಮಗಳಿಗೆ ಹನ್ನೊಂದು ವರ್ಷ, ಸವಾರಿ ಕಲಿಯಬೇಕು ಅಂತ ಹಟ. ನಮ್ಮಪ್ಪ ಮಾತ್ರ "ಕುದುರೆ ಪುಕ್ಕಟೆ, ಅದರ ಹೊಟ್ಟೆ ಪುಕ್ಕಟೆ ಅಲ್ಲ" ಅಂತಾರೆ. ತರಲಾ?

ಹಳೇ ರೈಡಿಂಗ್ ಬಾಯ್, ಮತ್ತಿಗಿರಿ:
ಅಣ್ಣಾ, ನಾನು ಬೆಂಗಳೂರು ರೇಸ್ ಕೋರ್ಸಿನಲ್ಲಿ ಬೆಳಗಿನ ಹೊತ್ತು ಟ್ರ್ಯಾಕ್ ಕೆಲಸಕ್ಕೆ ಕುದುರೆ ಓಡಿಸುತ್ತಿದ್ದವನು. ಕುದುರೆ ತನ್ನಿ, ಬೇಡ ಅನ್ನಲ್ಲ. ಆದರೆ ಮಗಳನ್ನು ಈಗಲೇ ಹತ್ತಿಸಬೇಡಿ.

ಯಾಕೆ ಅಂದರೆ, ಲಗಾಮು ಎಳೆದರೆ ಕುದುರೆ ನಿಲ್ಲುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ರೇಸ್ ಕುದುರೆ ಲಗಾಮಿಗೆ ಬಾಯಿ ಒರಗಿಸಿಯೇ ಓಡಲು ಕಲಿತಿರುತ್ತದೆ. ಹೆದರಿದ ಮಗು ಎಳೆದಷ್ಟೂ ಅದು ಮುಂದಕ್ಕೆ ನುಗ್ಗುತ್ತದೆ. ಜಾಕಿಗಳು ಗಿಡ್ಡ ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಎದ್ದು ಕೂರುತ್ತಾರೆ, ಹೀಗಾಗಿ ಹೊಟ್ಟೆಗೆ ಕಾಲು ಒತ್ತಿದರೆ ಏನು ಮಾಡಬೇಕು ಅನ್ನುವುದೂ ಅದಕ್ಕೆ ತಿಳಿಯದು. ಹತ್ತುವಾಗ ನಿಲ್ಲುವ ಅಭ್ಯಾಸವೂ ಇಲ್ಲ. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ನಮ್ಮ ಕಾಲು ಹಿಡಿದು ಎತ್ತಿ ಕೂರಿಸುವಾಗಲೂ ಅದು ನಡೆಯುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಓಟ ಬಲಕ್ಕೆ ತಿರುಗುತ್ತದೆ. ಅದಕ್ಕೇ ಎಡಕ್ಕೆ ತಿರುಗಿಸಿದರೆ ಮೈ ಬಿಗಿ ಹಿಡಿಯುವ ಕುದುರೆಗಳು ಜಾಸ್ತಿ.

ಮೊದಲ ಮೂರು-ನಾಲ್ಕು ತಿಂಗಳು ಜೀನು ಹಾಕಲೇಬೇಡಿ. ಬರೀ ಕೈಯಲ್ಲಿ ಹಿಡಿದು ನಡೆಸಿ, ಮೈ ಉಜ್ಜಿ, ಗೊರಸು ಎತ್ತಿಸಿ. ದಿನದ ಹೆಚ್ಚು ಹೊತ್ತು ಲಾಯದಲ್ಲೇ ಕಳೆದ ಪ್ರಾಣಿ ಅದು. ನಾಲ್ಕು ಎಕರೆಗೆ ಒಮ್ಮೆಲೇ ಬಿಟ್ಟರೆ ಕಾಲು ಮುರಿದುಕೊಳ್ಳಬಹುದು. ಸಣ್ಣ ಆವರಣದಿಂದ ಶುರು ಮಾಡಿ. ಮುಳ್ಳುತಂತಿ ಬೇಡವೇ ಬೇಡ, ಮರದ ಗಳ ಕಟ್ಟಿಸಿ. ಚರ್ಮ ಬಹಳ ತೆಳು.

ಮೇವು ಅದಕ್ಕಿಂತ ದೊಡ್ಡ ವಿಷಯ. ರೇಸಿನಲ್ಲಿ ಓಟ್ಸ್ ಜಾಸ್ತಿ. ಇಲ್ಲಿ ಒಂದೇ ದಿನಕ್ಕೆ ಬದಲಾಯಿಸಿದರೆ ಹೊಟ್ಟೆಶೂಲೆ ಗ್ಯಾರಂಟಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಗೊತ್ತಲ್ವಾ? ಎರಡು ವಾರ ತೆಗೆದುಕೊಂಡು ನಿಧಾನಕ್ಕೆ ಬದಲಾಯಿಸಿ. 450-500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕಡಿಮೆ ಅಂದರೂ 7-8 ಕಿಲೋ ಒಣ ಮೇವು ಬೇಕು. ಬೇಯಿಸಿದ ಹುರುಳಿ ಸ್ವಲ್ಪ ಪರವಾಗಿಲ್ಲ. ರಾಗಿ ಹುಲ್ಲೊಂದನ್ನೇ ಹಾಕಿ ಕೂರಬೇಡಿ. ನಿಮ್ಮಪ್ಪ ಹೇಳಿದ್ದು ಸರಿಯೇ.

ಪಶುವೈದ್ಯೆ, ಕೃಷ್ಣಗಿರಿ:
ಹಸು ಇರುವ ಮನೆ ಅಂದಿದ್ದಕ್ಕೆ ಒಂದು ಮಾತು. ಹಸುವಿನ ಫೀಡ್ ಅಥವಾ ಕೋಳಿ ಫೀಡ್ ಕುದುರೆಯ ಬಾಯಿಗೆ ಹೋಗಬಾರದು. ಕೋಳಿ ಫೀಡಿನಲ್ಲಿ ರಕ್ತಭೇದಿ ತಡೆಯಲು ಹಾಕುವ ಮೊನೆನ್ಸಿನ್, ಸಲಿನೋಮೈಸಿನ್ ಕುದುರೆಯ ಹೃದಯವನ್ನೇ ಹಾಳು ಮಾಡುತ್ತವೆ. ಕೆಲವು ಹಸುವಿನ ಫೀಡಿನಲ್ಲೂ ಇರುತ್ತವೆ. ಸ್ವಲ್ಪ ತಿಂದರೂ ಸಾಯಬಹುದು. ಮೂಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ.

ಇನ್ನು, "ಕುಂಟು ಇಲ್ಲ" ಅಂದರೆ ನಂಬಿ ಸುಮ್ಮನಾಗಬೇಡಿ. ಮುಂಗಾಲಿನ ಹಿಂಭಾಗದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಸ್ಕ್ಯಾನ್ ಮಾಡಿಸಿ. ರೇಸ್ ಕುದುರೆಗಳಿಗೆ ಜಠರದಲ್ಲಿ ಹುಣ್ಣು ತುಂಬಾ ಸಾಮಾನ್ಯ. ಮೇವು ಬಿಟ್ಟು ಪಕ್ಕೆ ನೋಡಿಕೊಳ್ಳುತ್ತಿದ್ದರೆ ತಕ್ಷಣ ತೋರಿಸಿ. ರಾಜ್ಯದ ಗಡಿ ದಾಟಿಸುವ ಮೊದಲು ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ, ಅದು ಮನುಷ್ಯರಿಗೂ ಅಂಟುವ ರೋಗ. ಧನುರ್ವಾಯು ಲಸಿಕೆ ಆಗಿದೆಯಾ ಕೇಳಿ. ರೇಸ್ ಕುದುರೆಗಳ ದಾಖಲೆ ಇಡುವ ಪುಣೆಯ ಸ್ಟಡ್ ಬುಕ್ ಅಥಾರಿಟಿ ಕೊಡುವ ಪಾಸ್‌ಪೋರ್ಟ್ (ಕುದುರೆಯ ಗುರುತಿನ ಪುಸ್ತಕ) ಇಸಿದುಕೊಂಡು, ಮೈಕ್ರೋಚಿಪ್ ನಂಬರ್ ತಾಳೆ ನೋಡಿ.

ತಳಿ ತೋಟದವನು:
ಫೀಡ್ ವಿಷಯ ಗೊತ್ತೇ ಇರಲಿಲ್ಲ ಮೇಡಂ. ಅಣ್ಣಾ, ಒಂದೇ ಕುದುರೆ ಇದ್ದರೆ ನಡೆಯುತ್ತದಾ? ರಾಗಿ ಕಟಾವಿನ ಹೊತ್ತಿಗೆ ಜವಳಗಿರಿ ಕಾಡಿನಿಂದ ಆನೆ ಬೇರೆ ಬರುತ್ತವೆ.

ಹಳೇ ರೈಡಿಂಗ್ ಬಾಯ್, ಮತ್ತಿಗಿರಿ:
ಇನ್ನೊಂದು ಕುದುರೆ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಹಸು ಕಣ್ಣಿಗೆ ಕಾಣುವ ಹಾಗೆ ಕಟ್ಟಿ. ಒಂಟಿಯಾದರೆ ಬೇಲಿ ಉದ್ದಕ್ಕೂ ಓಡಾಡಿ ಮೈ ಇಳಿಸಿಕೊಳ್ಳುತ್ತದೆ. ಆನೆ ಬರುವ ಕಾಲದಲ್ಲಿ ರಾತ್ರಿ ಹೊರಗೆ ಬಿಡಬೇಡಿ, ಮನೆ ಪಕ್ಕದ ಶೆಡ್ಡಿಗೆ ಹಾಕಿ. ಪಟಾಕಿ ಹೊಡೆಯುವವರಿಗೂ ಮೊದಲೇ ಹೇಳಿಡಿ.

ಮಗಳಿಗೆ ಬೇಜಾರಾಗುತ್ತೆ, ಗೊತ್ತು. ಅವಳನ್ನು ಬೇರೆ ಕಡೆ ಪಳಗಿದ ಕುದುರೆ ಮೇಲೆ ಕಲಿಸಿ. ಮನೆಯದಕ್ಕೆ ಅವಳೇ ಮೇವು ಹಾಕಲಿ, ದೊಡ್ಡವರು ಪಕ್ಕದಲ್ಲಿರಲಿ. ಸ್ಕ್ಯಾನ್ ರಿಪೋರ್ಟ್ ಬಂದಮೇಲೆ ಇಲ್ಲಿ ಹಾಕಿ. ಲಾಳ ಹೊಡೆಯುವವರನ್ನು ನಾನು ಹುಡುಕಿಕೊಡುತ್ತೇನೆ, ಐದಾರು ವಾರಕ್ಕೊಮ್ಮೆ ಬರಬೇಕಾಗುತ್ತದೆ.