ನಾಯಿಗೆ ಇಲಿಜ್ವರದ ಲಸಿಕೆ ಉಂಟು, ನಮಗೆ ಯಾಕಿಲ್ಲ?

ತೋಟದವ, ಬದಿಯಡ್ಕ:
ಕಳೆದ ಮಳೆಗಾಲ ನಮ್ಮ ಅಡಕೆ ತೋಟದ ಕಣಿಯ ಹೂಳು ತೆಗೆಯಲು ಬಂದಿದ್ದ ಅಣ್ಣನಿಗೆ ಇಲಿಜ್ವರ ಬಂತು. ಹಿಮ್ಮಡಿ ಒಡೆದಿತ್ತು, ಬರಿಗಾಲಲ್ಲೇ ನೀರಿಗಿಳಿದಿದ್ದರು. ಮೊದಲು ಜ್ವರ, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ನಾಲ್ಕನೇ ದಿನ ಕಣ್ಣು ಕೆಂಪು, ಆಮೇಲೆ ಹಳದಿ. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಪುಣ್ಯಕ್ಕೆ ಉಳಿದರು.

ಮೊನ್ನೆ ನಾಯಿಗೆ ಇಂಜೆಕ್ಷನ್ ಕೊಡಿಸಲು ಹೋದಾಗ ಡಾಕ್ಟರು ಬಾಟಲಿ ತೋರಿಸಿ, ಇದರಲ್ಲಿ ಇಲಿಜ್ವರದ್ದೂ ಸೇರಿದೆ ಅಂದರು. ಕೇಳಿ ಹೊಟ್ಟೆ ಉರಿಯಿತು. ಕೊರೋನಾ ಲಸಿಕೆ ವರ್ಷದೊಳಗೆ ಬಂತಲ್ವಾ, ವೈರಸ್ಸಿನ ಜೀನೋಮ್, ಅಂದರೆ ಅದರ ಜೀನುಗಳ ಪೂರ್ತಿ ಬರಹ, ಓದಿ ಮಾಡಿದ್ದು ಅಂತಾರೆ. ಇಲಿಜ್ವರದ ಜೀನೋಮ್ ಓದಲು ಯಾರಿಗೂ ಮನಸ್ಸಿಲ್ವಾ?

ಲ್ಯಾಬಿನವಳು, ಕುಂಬಳೆ:
ಅಣ್ಣ, ಓದಿ ಆಗಿದೆ. 2003ರಲ್ಲೇ ಚೀನಾದವರು ಇಲಿಜ್ವರ ತರುವ ಲೆಪ್ಟೊಸ್ಪೈರಾದ ಒಂದು ತಳಿಯ ಜೀನೋಮ್ ಪೂರ್ತಿ ಓದಿದ್ದಾರೆ. ಕಷ್ಟ ಇರುವುದು ಅದರ ನಂತರ.

ಕೊರೋನಾ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರ. 2020ರ ಜನವರಿಯಲ್ಲಿ ಅದು ಹೊರಬಂದಾಗ ಎಲ್ಲಿ ಹೊಡೆಯಬೇಕು ಅಂತ ಗೊತ್ತಿತ್ತು, ಯಾಕೆಂದರೆ ಅದೇ ಬಳಗದ ಸಾರ್ಸ್, ಮರ್ಸ್ ಬಂದಾಗಲೇ ವೈರಸ್ಸಿನ ಹೊರಮೈಯ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಆಗಿತ್ತು. ಹಾಗಾಗಿ ಮಾರ್ಚ್ 16ಕ್ಕೇ ಮೊದಲ ಮನುಷ್ಯನಿಗೆ ಪರೀಕ್ಷೆಯ ಚುಚ್ಚುಮದ್ದು ಬಿತ್ತು. ಲೆಪ್ಟೊ ವೈರಸ್ ಅಲ್ಲ, ಬ್ಯಾಕ್ಟೀರಿಯಾ. 46 ಲಕ್ಷಕ್ಕೂ ಜಾಸ್ತಿ ಅಕ್ಷರ, ಸಾವಿರಾರು ಜೀನ್. ಯಾವುದನ್ನು ಹಿಡಿಯುವುದು?

ನಾಯಿಯ ಲಸಿಕೆ ಹಳೇ ದಾರಿಯದ್ದು: ಬ್ಯಾಕ್ಟೀರಿಯಾ ಬೆಳೆಸು, ಕೊಲ್ಲು, ಚುಚ್ಚು. ಅದರಿಂದ ಬರುವ ರಕ್ಷಣೆ ಹೆಚ್ಚಾಗಿ ಆ ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆ ಕವಚದ ಮೇಲೆ ನಿಂತಿದೆ. ಕವಚ ತಳಿಯಿಂದ ತಳಿಗೆ ಬೇರೆ, ತಳಿಗಳು 200ಕ್ಕೂ ಮೇಲೆ. ಕ್ಯೂಬಾ, ಫ್ರಾನ್ಸಿನಲ್ಲಿ ಮನುಷ್ಯರಿಗೂ ಲಸಿಕೆ ಉಂಟು, ಆದರೆ ಅದು ಅದರಲ್ಲಿರುವ ತಳಿಗಳಿಗೆ ಮಾತ್ರ. ನಿಮ್ಮ ಕಣಿಯ ಇಲಿ ಬೇರೆ ತಳಿ ಹೊತ್ತಿದ್ದರೆ ಪ್ರಯೋಜನ ಇಲ್ಲ.

ಜೀನೋಮ್ ಬೇಕಾಗುವುದು ಇಲ್ಲೇ. ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಜೈಟಿಸ್ ಬಿ ಬ್ಯಾಕ್ಟೀರಿಯಾದ ಕವಚ ನಮ್ಮ ನರದ ಜೀವಕೋಶದ ಸಕ್ಕರೆಯಂತೆಯೇ ಇರುವುದರಿಂದ ಹಳೇ ದಾರಿ ನಡೆಯಲಿಲ್ಲ. ಇಟಲಿಯ ವಿಜ್ಞಾನಿ ರೀನೊ ರಪ್ಪುವೊಲಿ ಅವರ ತಂಡ ಜೀನೋಮ್ ಓದಿ, ಹೊರಮೈಯಲ್ಲಿ ಇರಬಹುದಾದ ಸುಮಾರು 600 ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಆರಿಸಿತು. ಅದರಲ್ಲಿ 350ನ್ನು ಲ್ಯಾಬಿನಲ್ಲಿ ತಯಾರಿಸಿ ಇಲಿಗಳಿಗೆ ಕೊಟ್ಟು ನೋಡಿದರು. ಇದೆಲ್ಲ ಪ್ರಕಟವಾದದ್ದು 2000ದಲ್ಲಿ, ಯುರೋಪಿನಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಪಟ್ಟಿ ಬೇಗ ಸಿಗುತ್ತದೆ ಅಣ್ಣ, ಪಟ್ಟಿಯಿಂದ ಲಸಿಕೆಗೆ 13 ವರ್ಷ ಹಿಡಿಯಿತು.

ಲೆಪ್ಟೊದಲ್ಲೂ ಅದೇ ಹುಡುಕಾಟ. ರೋಗ ತರುವ ಬೇರೆ ಬೇರೆ ತಳಿಗಳ ಜೀನೋಮ್ ಪಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಇರುವ ಪ್ರೋಟೀನ್ ಹುಡುಕುತ್ತಾರೆ. ಲಿಗ್ ಅನ್ನುವ ಪ್ರೋಟೀನುಗಳ ಮೇಲೆ ನನಗೆ ಆಸೆ ಜಾಸ್ತಿ. ಅದನ್ನು ಕೊಟ್ಟ ಹ್ಯಾಮ್‌ಸ್ಟರ್‌ಗಳು (ಇಲಿಯಂಥ ಸಣ್ಣ ಪ್ರಾಣಿ) ಸಾವಿನಿಂದ ಪಾರಾಗಿವೆ, ಆದರೆ ಎಷ್ಟೋ ಸಲ ಕಿಡ್ನಿಯಲ್ಲಿ ಬ್ಯಾಕ್ಟೀರಿಯಾ ಉಳಿದೇ ಇತ್ತು. ಅದೂ ಹೋಗಬೇಕು.

ಮಂಜೇಶ್ವರದವ:
ಅಕ್ಕ, ಜೀನ್ ನೋಡಿ ಮಾಡಿದ ಲಸಿಕೆ ನಮ್ಮ ಜೀನ್ ಬದಲಿಸುವುದಿಲ್ವಾ? ಅಮ್ಮ ಈಗಲೂ ಹೆದರುತ್ತಾರೆ.

ಲ್ಯಾಬಿನವಳು, ಕುಂಬಳೆ:
ಇಲ್ಲ. ಓದುವುದು ರೋಗಾಣುವಿನ ಜೀನ್, ನಮ್ಮದಲ್ಲ. ಮೆನಿಂಜೈಟಿಸ್ ಲಸಿಕೆಯಲ್ಲಿ ಇರುವುದು ಪ್ರೋಟೀನ್ ಮತ್ತು ಬ್ಯಾಕ್ಟೀರಿಯಾದ ಹೊರಪೊರೆಯ ಚೂರು. ಕೆಲವು ಕೊರೋನಾ ಲಸಿಕೆಗಳಂಥ ಎಂಆರ್‌ಎನ್‌ಎ ಲಸಿಕೆ ಕೂಡ ನಮ್ಮ ಡಿಎನ್‌ಎ ಇರುವ ಕೋಶಕೇಂದ್ರದೊಳಗೆ ಹೋಗುವುದಿಲ್ಲ, ಹೊರಗೇ ಕೆಲಸ ಮುಗಿಸಿ ಕರಗುತ್ತದೆ. ಅಮ್ಮನಿಗೆ ಹಾಗೇ ಹೇಳಿ.

ನರ್ಸಕ್ಕ, ಮುಳ್ಳೇರಿಯ:
ಲಸಿಕೆ ಬರಲಿ, ನನಗೂ ಬೇಕು. ಆದರೆ ಈ ಜೂನಿಗೆ ಬರುವುದಿಲ್ಲ. ತೋಟದವರೇ, ಕೆಸರಿಗೆ ಇಳಿಯುವವರಿಗೆ ವಾರಕ್ಕೊಮ್ಮೆ ಇಲಿಜ್ವರ ಬಾರದಂತೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕೊಡುವ ಕ್ರಮ ನಮ್ಮ ಕೇರಳದಲ್ಲಿ ಉಂಟು, ಆರೋಗ್ಯ ಕೇಂದ್ರದಲ್ಲಿ ಕೇಳಿ. ಊಟ ಮಾಡಿಯೇ ನುಂಗಬೇಕು, ಬರಿಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿ ಮಾತ್ರೆಯನ್ನೇ ಬಿಟ್ಟವರನ್ನು ನೋಡಿದ್ದೇನೆ. ಗರ್ಭಿಣಿಯರು, ಸಣ್ಣ ಮಕ್ಕಳು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ಇಲಿಜ್ವರಕ್ಕೆ ಎಲಿಪ್ಪನಿ ಅಂತ ಮಲಯಾಳದಲ್ಲಿ ಮಾತ್ರ ಬರೆದ ಚೀಟಿ ಅಂಟಿಸುತ್ತಾರೆ, ಕನ್ನಡ ಮಾತ್ರ ಓದುವ ಅಜ್ಜಂದಿರಿಗೆ ನೀವೇ ಓದಿ ಹೇಳಿ. ಬೂಟು ಹಾಕಿಸಿ. ಜ್ವರದ ಜೊತೆ ಮೀನಖಂಡ ನೋವು ಬಂದರೆ ಕಣ್ಣು ಹಳದಿ ಆಗುವವರೆಗೆ ಕಾಯಬೇಡಿ, ತೋಟದ ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ತೋಟದವ, ಬದಿಯಡ್ಕ:
ಇಬ್ಬರಿಗೂ ತುಂಬಾ ಉಪಕಾರ. ಜ್ವರ ಬಂದ ಆ ಅಣ್ಣ ಮೊದಲ ಎರಡು ದಿನ ಪ್ಯಾರಾಸಿಟಮಾಲ್ ನುಂಗಿಯೇ ಕಣಿಗೆ ಇಳಿದಿದ್ದರು, ನಾನೂ ತಡೆಯಲಿಲ್ಲ. ನಾಳೆ ನಾಲ್ಕು ಜೊತೆ ಬೂಟು ತರುತ್ತೇನೆ, ಮಾತ್ರೆಯ ಬಗ್ಗೆಯೂ ಕೇಳಿ ಬರುತ್ತೇನೆ.