ಹೆಡ್‌ಫೋನು ಅವನ ಕಿವಿಗೆ, ಮೈಕು ನಮ್ಮ ಕಿವಿಗೆ

ಸುಮಂತ ಹೊಸ ಹೆಡ್‌ಸೆಟ್ ತಗೊಳ್ತೀನಿ ಅಂದಾಗ ಅವನಿಗಿಂತ ಜಾಸ್ತಿ ಖುಷಿಪಟ್ಟವರು ನಾವು ಮೂವರು. ರಾತ್ರಿ ಡಿಸ್ಕಾರ್ಡ್ ಅನ್ನೋ ಮಾತಾಡೋ ಆ್ಯಪ್‌ನಲ್ಲಿ ಸೇರಿ ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್ ಆಡೋ ಗುಂಪು ನಮ್ಮದು. ಅವನು ಶಿವಮೊಗ್ಗ, ಗಿರಿ ದಾವಣಗೆರೆ, ರಶ್ಮಿ ಮತ್ತು ನಾನು ಬೆಂಗಳೂರು. ಸುಮಂತನ ಮನೆ ಕುಕ್ಕರ್ ಎಷ್ಟು ಸೀಟಿ ಹೊಡೀತು ಅನ್ನೋದು ಅವರಮ್ಮನಿಗಿಂತ ಮೊದಲು ನಮಗೆ ಗೊತ್ತಾಗುತ್ತೆ. ಮೊನ್ನೆ ಐದನೆಯವನಾಗಿ ಸೇರಿಕೊಂಡಿದ್ದ ಯಾರೋ ಹುಡುಗ, "ಭಾಯ್, ಪೆಹಲೇ ಗ್ಯಾಸ್ ಬಂದ್ ಕರ್" ಅಂದು ಆಟ ಬಿಟ್ಟೇ ಹೋದ.

"ಐದು ಸಾವಿರ ಇದೆ. ಯಾವುದು ತಗೊಳ್ಲಿ?" ಅಂದ ಸುಮಂತ.

ಇಂಥ ಪ್ರಶ್ನೆಗೇ ಕಾಯ್ತಿರ್ತಾನೆ ಗಿರಿ. "7.1 ಸೌಂಡ್ ಇರ್ಲೇಬೇಕು ಮಗಾ. 50 ಎಂಎಂ ಡ್ರೈವರು, ಅಂದ್ರೆ ಒಳಗಿರೋ ಸ್ಪೀಕರು, 40,000 ಹರ್ಟ್ಜ್, ಎರಡೂ ಕಡೆ ಲೈಟು. ನಂದು ನೋಡು."

ರಶ್ಮಿ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡೋಳು. ಅವಳ ಎದುರು ಸೌಂಡ್ ಬಗ್ಗೆ ಭಾಷಣ ಮಾಡೋಕೆ ಗಿರಿಯಂಥ ಗುಂಡಿಗೆಯೇ ಬೇಕು.

"ಮನುಷ್ಯನ ಕಿವಿಗೆ ಕೇಳ್ಸೋದು ಹೆಚ್ಚಂದ್ರೆ 20,000 ತನಕ. ಅದೂ ವಯಸ್ಸಾಗ್ತಾ ಇಳಿಯುತ್ತೆ. ಅದರ ಮೇಲಿಂದು ನಿಮ್ಮನೆ ರಾಜನಿಗೆ ಕೇಳ್ಸುತ್ತೆ, ಅವನಿಗೆ ಹಾಕು." ರಾಜ ಅಂದ್ರೆ ಗಿರಿ ಮನೆ ನಾಯಿ.

"ಲೈಟು?"

"ತಲೆ ಮೇಲಿರೋ ಲೈಟು ಹಾಕ್ಕೊಂಡವನಿಗೆ ಹೆಂಗೋ ಕಾಣುತ್ತೆ?"

ಗಿರಿ ಸೋಲೊಪ್ಪೋನಲ್ಲ. "ಹೋಗ್ಲಿ, 7.1 ಇಲ್ದೆ ಹಿಂದಿಂದ ಬರೋನ ಹೆಜ್ಜೆ ಹೆಂಗೆ ಗೊತ್ತಾಗುತ್ತೆ?"

"ಥಿಯೇಟರಲ್ಲಿ 7.1 ಅಂದ್ರೆ ಏಳು ಕಡೆಯಿಂದ ಸದ್ದು, ಜೊತೆಗೊಂದು ಬೇಸ್ ಡಬ್ಬ. ನಿನ್ನ ಹೆಡ್‌ಸೆಟ್ ಬಿಚ್ಚಿ ನೋಡು, ಸಾಮಾನ್ಯವಾಗಿ ಎಡಕ್ಕೊಂದು, ಬಲಕ್ಕೊಂದು ಡ್ರೈವರು, ಅಷ್ಟೇ. ಉಳಿದಿದ್ದು ಸಾಫ್ಟ್‌ವೇರ್ ಕಟ್ಟೋ ಕಥೆ. ದೇವರು ನಮಗೆ ಕೊಟ್ಟಿರೋದೂ ಎರಡೇ ಕಿವಿ ತಾನೆ? ಬಲಗಡೆ ಸದ್ದಾದ್ರೆ ಎಡಗಿವಿಗೆ ಒಂದು ಚೂರು ತಡವಾಗಿ ಬರುತ್ತೆ. ತಡ ಅಂದ್ರೆ ಒಂದು ಮಿಲಿಸೆಕೆಂಡೂ ಇಲ್ಲ. ಮಿದುಳಿಗೆ ಅಷ್ಟು ಸಾಕು. ಹಿಂದೆಯೋ ಮುಂದೆಯೋ, ಮಹಡಿ ಮೇಲೋ ಕೆಳಗೋ ಅನ್ನೋದನ್ನ ಹೊರಗಿವಿಯ ಮಡಿಕೆಗಳು ಹೇಳ್ತವೆ. ಆ ಲೆಕ್ಕಾನೆಲ್ಲ ಆಟವೇ ಹಾಕಿಕೊಡುತ್ತೆ. ವ್ಯಾಲರಂಟ್ ಆಡಿಯೋ ಸೆಟ್ಟಿಂಗಲ್ಲಿ ಎಚ್‌ಆರ್‌ಟಿಎಫ್ ಅಂತ ಇದೆಯಲ್ಲ, ಅದೇ. ಅದನ್ನ ಆನ್ ಮಾಡಿ, ಮೇಲಿಂದ ಹೆಡ್‌ಸೆಟ್ಟಿನ 7.1 ಕೂಡ ಒತ್ತಿದ್ರೆ, ಒಗ್ಗರಣೆ ಹಾಕಿದ ಸಾರಿಗೆ ಇನ್ನೊಂದು ಸಲ ಒಗ್ಗರಣೆ ಹಾಕಿದಂಗೆ."

"ನಂಗೇನೋ ಚೆನ್ನಾಗೇ ಕೇಳ್ಸುತ್ತಪ್ಪ" ಅಂದ ಗಿರಿ. ನಿನ್ನೆ ಹಿಂದಿನಿಂದ ಬಂದವನು ಚಾಕು ಹಾಕೋ ತನಕ ಗೋಡೆ ನೋಡ್ತಾ ನಿಂತಿದ್ದವನು ಇವನೇ.

ಸುಮಂತ ಮೆತ್ತಗೆ, "ನನ್ನ ಬ್ಲೂಟೂತ್ ನೆಕ್‌ಬ್ಯಾಂಡೇ ಸಾಕಾಗಲ್ವಾ?" ಅಂದ.

ಮೂವರೂ ಒಟ್ಟಿಗೆ "ಬೇಡ" ಅಂದ್ವಿ. ನಾವು ಮೂವರು ಒಮ್ಮತಕ್ಕೆ ಬಂದಿದ್ದು ಅದೊಂದಕ್ಕೇ. ನೆಕ್‌ಬ್ಯಾಂಡಲ್ಲಿ ಹಾಡು ಕೇಳುವಾಗ ಸ್ಟೀರಿಯೋ ಇರುತ್ತೆ. ಮೈಕ್ ಆನ್ ಆದ ತಕ್ಷಣ ಅದು ಫೋನ್ ಕರೆಯ ರೀತಿಗೆ ತಿರುಗಿ, ಎಡ ಬಲ ಎಲ್ಲ ಒಂದಾಗಿ, ಎಸ್‌ಟಿಡಿ ಬೂತಿನ ದನಿ ಬರುತ್ತೆ. ಸದ್ದೂ ತಡವಾಗಿ ಬರುತ್ತೆ. ಗುಂಡು ತಾಗಿ ಬಿದ್ದ ಮೇಲೆ ಢಂ ಅಂತ ಕೇಳಿ ಏನು ಪ್ರಯೋಜನ? ವೈರ್ ಬೇಡವೇ ಬೇಡ ಅನ್ನೋರು ಕಂಪ್ಯೂಟರಿಗೆ ಸಿಕ್ಕಿಸೋ 2.4 ಗಿಗಾಹರ್ಟ್ಜ್ ಡಾಂಗಲ್ ಇರೋದನ್ನ ನೋಡ್ಬೇಕು. ಐದು ಸಾವಿರದಲ್ಲಿ ಆ ಆಸೆಗೆ ಕೈ ಹಾಕದೆ ವೈರಿಂದೇ ತಗೊಳ್ಳೋದು ಜಾಣತನ.

ಆಮೇಲೆ ಜಗಳ ಹತ್ತಿದ್ದು ಓಪನ್ ಬ್ಯಾಕಾ, ಕ್ಲೋಸ್ಡ್ ಬ್ಯಾಕಾ ಅಂತ. ಓಪನ್ ಅಂದ್ರೆ ಬಟ್ಟಲಿನ ಹಿಂಭಾಗ ಜಾಲರಿ. ಸದ್ದಿಗೆ ಜಾಗ ಇದ್ದಂಗೆ ಕೇಳುತ್ತೆ, ಯಾರು ಎಷ್ಟು ದೂರದಲ್ಲಿದಾರೆ ಅನ್ನೋದು ಬಿಡಿಬಿಡಿಯಾಗಿ ಗೊತ್ತಾಗುತ್ತೆ, ಕಿವಿ ಬೆವರೋದೂ ಕಡಿಮೆ. ಹೊರಗಿನ ಸದ್ದೂ ಹಂಗೇ ಒಳಗೆ ನುಗ್ಗುತ್ತೆ. ಸೀಲಿಂಗ್ ಫ್ಯಾನ್ ಕೆಳಗೆ ಕೂತು ಹೆಜ್ಜೆ ಸಪ್ಪಳ ಹುಡುಕೋರಿಗೆ ಅದು ಆಗಿಬರಲ್ಲ. ಕ್ಲೋಸ್ಡ್ ಅಂದ್ರೆ ಹಿಂಭಾಗ ಪೂರ್ತಿ ಮುಚ್ಚಿದ್ದು.

"ಆದ್ರೆ ಕ್ಲೋಸ್ಡ್ ಹಾಕಿದ್ರೆ ಅಮ್ಮ ಊಟಕ್ಕೆ ಕರೆದಿದ್ದು ಕೇಳ್ಸಲ್ಲ. ಮೂರನೇ ಸಲಕ್ಕೆ ಅವಳು ಕರೆಯಲ್ಲ, ಬಂದು ಯುಪಿಎಸ್ ಆಫ್ ಮಾಡ್ತಾಳೆ" ಅಂದ ಸುಮಂತ.

ಈ ಅಂಶ ಯಾವ ಯೂಟ್ಯೂಬ್ ರಿವ್ಯೂನಲ್ಲೂ ಬರಲ್ಲ.

ಮೈಕಿಗೆ ಬಂದ್ವಿ. ಗಿರಿಗೆ ಪಾಡ್‌ಕಾಸ್ಟಿನವರ ಥರ ಟೇಬಲ್ ಮೇಲೆ ದಪ್ಪ ಕಂಡೆನ್ಸರ್ ಮೈಕ್ ಇರ್ಬೇಕು.

"ಬೇಡಪ್ಪ, ಕೈ ಮುಗೀತೀನಿ" ಅಂದಳು ರಶ್ಮಿ. "ಸ್ಟುಡಿಯೋದಲ್ಲಿ ಗೋಡೆಗೆಲ್ಲ ಫೋಮ್ ಬಡಿದು, ಎಸಿ ಕೂಡ ಆರಿಸಿ ಬಳಸೋ ಮಾಲು ಅದು. ಎರಡಡಿ ದೂರದಲ್ಲಿ ಇಟ್ರೆ ಕೀಬೋರ್ಡು, ಫ್ಯಾನು, ಕುಕ್ಕರು, ಬೀದೀಲಿ ಸೊಪ್ಪು ಮಾರೋಳು ಎಲ್ಲ ಮೊದಲು, ಇವನು ಆಮೇಲೆ. ಮೈಕನ್ನ ಎರಡರಷ್ಟು ದೂರ ಇಟ್ರೆ ದನಿ 6 ಡೆಸಿಬೆಲ್ ಇಳಿಯುತ್ತೆ, ಫ್ಯಾನ್ ಇದ್ದಂಗೇ ಇರುತ್ತೆ. ಬಾಯಿ ಪಕ್ಕ ಬರೋ ಕಡ್ಡಿ ಮೈಕೇ ಇಂಥ ಮನೆಗೆ ಸರಿ."

"ಕಾಲರಿಗೆ ಸಿಕ್ಕಿಸೋದು? ಬೋಯಾ ಕಂಪನೀದು?"

"ಅವರ ಆ ಬಿವೈ-ಎಂ1 ಮೈಕಿನ ದನಿ ಚೆನ್ನಾಗೇ ಇದೆ. ಆದ್ರೆ ಅದು ಸುತ್ತಲಿನದ್ದೆಲ್ಲ ಎತ್ತಿಕೊಳ್ಳೋ ಜಾತಿ. ಕುಕ್ಕರ್‌ಗೆ ಅದು ಮರ್ಯಾದೆ ಕೊಡುತ್ತೆ."

"ಡಿಸ್ಕಾರ್ಡಲ್ಲೇ ಕ್ರಿಸ್ಪ್ ಇದೆಯಲ್ಲ, ಸದ್ದು ಅಳಿಸೋಕೆ?" ಅಂದ ಗಿರಿ.

ಇದಕ್ಕೆ ನಾನೇ ಸಾಕ್ಷಿ. ಫ್ಯಾನ್ ಸದ್ದನ್ನ ಅದು ಸಲೀಸಾಗಿ ಅಳಿಸುತ್ತೆ. ಮೈಕ್ ದೂರ ಇದ್ರೆ ಮಾತಿನ ಬಾಲಾನೂ ಅಳಿಸುತ್ತೆ. ಸುಮಂತ "ಎಡಕ್ಕೆ ಹೋಗ್ಬೇಡ" ಅಂದಿದ್ದು ನನಗೆ "ಎಡಕ್ಕೆ ಹೋಗ್" ಅಂತ ಕೇಳಿಸಿತ್ತು. ಹೋದೆ.

ಕುಶನ್ ಬಗ್ಗೆ ನಂದೂ ಒಂದು ಮಾತಿತ್ತು. ರೆಕ್ಸಿನ್ ಥರದ್ದು ಬೆವರಿಗೆ ಬೇಗ ಸಿಪ್ಪೆ ಏಳುತ್ತೆ. ನನ್ನ ಹಳೇದರ ಕರಿ ಚೂರುಗಳು ಕಿವಿ ಹಿಂದೆ, ಕೆನ್ನೆ ಮೇಲೆ ಅಂಟಿದ್ದನ್ನ ನೋಡಿ ನಮ್ಮಜ್ಜಿ ಯಾವುದೋ ಚರ್ಮರೋಗ ಅಂದ್ಕೊಂಡು ಬೇವಿನೆಣ್ಣೆ ಹಚ್ಚೋಕೆ ಬಂದಿದ್ರು. ಸುಮಂತನದು ಕನ್ನಡಕ ಬೇರೆ. ಬಿಗಿ ಹೆಡ್‌ಸೆಟ್ ಕನ್ನಡಕದ ಕಡ್ಡಿಯನ್ನ ಕಪಾಲಕ್ಕೆ ಒತ್ತಿ ಒಂದು ಗಂಟೆಗೆ ತಲೆನೋವು ತರಿಸುತ್ತೆ. ಬಟ್ಟೆ ಕುಶನ್, ಬದಲಾಯಿಸೋಕೆ ಬರುವಂಥದ್ದು, ಇದ್ರೆ ಒಳ್ಳೇದು.

ಇನ್ನು ಪಿನ್ನು. ಸಿಪಿಯು ಮುಂದೆ ಹೆಡ್‌ಫೋನಿಗೆ ಹಸಿರು, ಮೈಕಿಗೆ ಗುಲಾಬಿ ಅಂತ ಎರಡು ತೂತು, ಹೆಡ್‌ಸೆಟ್ಟಿಗೆ ಒಂದೇ ಪಿನ್ನು ಅಂದ್ರೆ ಒಂದನ್ನ ಎರಡು ಮಾಡೋ ಸ್ಪ್ಲಿಟರ್ ಬೇಕು. ಡಬ್ಬಿಯಲ್ಲೇ ಕೊಟ್ಟಿದ್ರೆ ಸರಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಲ್ಲಿ ಕೇಳಿದ್ರೆ ಎರಡು ಥರದ್ದು ಕೊಡ್ತಾರೆ, ನೋಡೋಕೆ ಒಂದೇ. ಒಂದು, ಒಂದೇ ಹಾಡನ್ನ ಇಬ್ಬರು ಕೇಳೋಕೆ. ಪ್ರೇಮಿಗಳಿಗೆ ಸರಿ, ನಮಗಲ್ಲ. ಮೈಕಿಗೆ ಅಂತ ಇರೋದಾದ್ರೆ ಎರಡು ಪಿನ್ನಿನ ಪಕ್ಕ ಮೈಕಿನ ಚಿತ್ರ, ಹೆಡ್‌ಫೋನಿನ ಚಿತ್ರ ಇರುತ್ತೆ.

ಕಡೆಗೆ ರಶ್ಮಿ ತೀರ್ಪು ಕೊಟ್ಟಳು: ವೈರಿಂದು, ಬರೀ ಸ್ಟೀರಿಯೋ, ಕ್ಲೋಸ್ಡ್ ಬ್ಯಾಕ್, ಕಡ್ಡಿ ಮೈಕ್ ಮೇಲೆತ್ತಿದ್ರೆ ತಾನೇ ಮ್ಯೂಟ್ ಆಗೋ ಥರದ್ದು. ಹೈಪರ್‌ಎಕ್ಸ್ ಕ್ಲೌಡ್ ಸ್ಟಿಂಗರ್ ಅನ್ನೋ ಹೆಡ್‌ಸೆಟ್‌ನಲ್ಲಿ ಹಂಗಿದೆ, ಬೇರೆಯವರದ್ದೂ ಸಿಗುತ್ತೆ. ಸೀಟಿ ಬರೋ ಹೊತ್ತಿಗೆ ಕಡ್ಡಿ ಎತ್ತು. ಅಮ್ಮನ ವಿಷಯಕ್ಕೆ ಬಲಗಿವಿ ಸ್ವಲ್ಪ ಹಿಂದೆ ಸರಿಸಿ ಕೂತ್ಕೋ.

"ನನ್ನ ಮೈಕ್ ಅಷ್ಟು ಕೆಟ್ಟದಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದ ಸುಮಂತ.

"ಯಾರಿಗೂ ಗೊತ್ತಿರಲ್ಲ. ಡಿಸ್ಕಾರ್ಡ್ ಸೆಟ್ಟಿಂಗಲ್ಲಿ ಮೈಕ್ ಟೆಸ್ಟ್ ಇದೆ, ಒತ್ತಿದ್ರೆ ನಿನ್ನ ದನಿ ನಿನಗೇ ಕೇಳುತ್ತೆ. ಗಿರಿ, ನೀನೂ ಒಂದ್ಸಲ ನೋಡು."

"ನಂದೇನು ನೋಡೋದು, ಟಾಪ್ ಕ್ಲಾಸ್" ಅಂದು ಗಿರಿ ಮಾಯವಾದ. ಸ್ವಲ್ಪ ಹೊತ್ತು ಸದ್ದಿಲ್ಲ. ವಾಪಸ್ ಬಂದಾಗ ದನಿ ಇಳಿದಿತ್ತು.

"ಲೋ, ನಾನು ಮಾತಾಡುವಾಗ ಇಷ್ಟು ಜೋರಾಗಿ ಉಸಿರಾಡ್ತೀನಾ?"

"ಮೈಕ್ ಬಾಯೆದುರು ಇಟ್ಕೊಂಡಿದೀಯ. ತುಟಿ ಅಂಚಿಗೆ, ಎರಡು ಬೆರಳು ಆಚೆ ಸರಿಸು" ಅಂದಳು ರಶ್ಮಿ. "ಮತ್ತೆ, ಮಾತಾಡುವಾಗ ಮಾತ್ರ ಅಲ್ಲ."