ಯುಎಸ್‌ಬಿ ಚುಚ್ಚಿದರೂ ಕಂಪ್ಯೂಟರ್ ತೋರಿಸುತ್ತಿಲ್ಲವೇ? ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಮಳೆಗಾಲ ಹಿಡಿಯಿತು ಅಂದರೆ ನನ್ನ ಟೇಬಲ್‌ಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ: "ಯುಎಸ್‌ಬಿ ಹಾಕಿದರೆ ಏನೂ ತೋರಿಸುವುದಿಲ್ಲ." ಈ ವಾರ ಗುಂಪಿನಲ್ಲಿ ಅದರ ಬಗ್ಗೆ ಏನಿದ್ದರೂ ಕೇಳಿ. ಯಾವ ವಿಂಡೋಸ್, ಚುಚ್ಚಿದಾಗ ಸದ್ದು ಬರುತ್ತದೋ ಇಲ್ಲವೋ ಅಷ್ಟು ಬರೆಯಿರಿ. ಪರದೆ ಮೇಲೆ ಬಂದ ಸಾಲನ್ನು ಇದ್ದ ಹಾಗೇ ಬರೆಯಿರಿ. "ಏನೋ ಎರರ್ ಬಂತು" ಅಂದರೆ ನನಗೂ ಗೊತ್ತಾಗುವುದಿಲ್ಲ.

ಪ್ರಶ್ನೆ (ಕಾರವಾರ): ಸರ್, ಕೋಡಿಬಾಗದಲ್ಲಿ ನಮ್ಮದು ಸಣ್ಣ ಝೆರಾಕ್ಸ್ ಅಂಗಡಿ. ವಿಂಡೋಸ್ 10. ಎಂಟು ದಿನದಿಂದ ಪ್ರಿಂಟರ್ ಹಾಕಿದರೆ "ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್" ಅಂತ ಬರುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ "ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್", ಕೋಡ್ 43. ಡ್ರೈವರ್ ಮೂರು ಸಲ ತೆಗೆದು ಹಾಕಿದೆ. ಶಾಲೆ ಅಡ್ಮಿಷನ್ ಸಮಯ, ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ.

ಉತ್ತರ: ಸದ್ಯಕ್ಕೆ ಡ್ರೈವರ್ (ಯಂತ್ರವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಮುಟ್ಟಬೇಡಿ. ತೊಂದರೆ ಅಲ್ಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಇದೊಂದು ಅರ್ಥವಾದರೆ ಮುಂದಿನ ಸಲ ನೀವೇ ಬಿಡಿಸಿಕೊಳ್ಳುತ್ತೀರಿ.

ಯುಎಸ್‌ಬಿ ಚುಚ್ಚಿದ ಕೂಡಲೇ ಕಂಪ್ಯೂಟರ್ "ನೀನು ಯಾರು?" ಅಂತ ಕೇಳುತ್ತದೆ. ಪ್ರಿಂಟರ್ ತನ್ನ ಕಂಪನಿ ನಂಬರು, ಮಾಡೆಲ್ ನಂಬರು ಹೇಳಬೇಕು. ಈ ಪರಿಚಯವೇ ಡಿಸ್ಕ್ರಿಪ್ಟರ್. ಆ ನಂಬರು ಕೈಗೆ ಬಂದ ಮೇಲೆಯೇ ವಿಂಡೋಸ್ ಡ್ರೈವರ್ ಹುಡುಕಲು ಹೋಗುವುದು. ನಿಮ್ಮ ಪ್ರಿಂಟರ್ ಹೆಸರು ಹೇಳುವ ಮೊದಲೇ ಮಾತು ಕಡಿದು ಹೋಗುತ್ತಿದೆ. ಹೆಸರೇ ಗೊತ್ತಾಗದಿದ್ದರೆ ಡ್ರೈವರ್ ಹತ್ತು ಸಲ ಹಾಕಿದರೂ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ಮಾತು ಎಲ್ಲಿ ಕಡಿಯಿತು? ಪ್ರಿಂಟರ್ ಕೇಬಲ್ ಒಳಗೆ ನಾಲ್ಕು ತಂತಿ ಇರುತ್ತವೆ. ಕೆಂಪು ತಂತಿಯಲ್ಲಿ 5 ವೋಲ್ಟ್ ಕರೆಂಟ್, ಕಪ್ಪು ಗ್ರೌಂಡ್. ಹಸಿರು ಮತ್ತು ಬಿಳಿ ತಂತಿಯಲ್ಲಿ ಡೇಟಾ ಹೋಗಿಬರುತ್ತದೆ. ಈ ಎರಡರಲ್ಲಿ ಒಂದು ಸರಿಯಾಗಿ ತಾಗದಿದ್ದರೂ ನಿಮಗೆ ಬಂದ ಸಾಲೇ ಬರಬಹುದು. ನಿಮ್ಮ ಕಡೆ ಒಂದು ಬದಿಗೆ ಕಾಳಿ ನದಿ, ಇನ್ನೊಂದು ಬದಿಗೆ ಸಮುದ್ರ. ಉಪ್ಪು ಗಾಳಿಗೆ ಮಳೆಗಾಲದ ತೇವವೂ ಸೇರಿದರೆ ಪೋರ್ಟಿನ ಒಳಗಿನ ಪಿನ್‌ಗಳಿಗೆ ಕಿಲುಬು ಹಿಡಿಯುತ್ತದೆ. ಪ್ರಿಂಟರ್ ಹಿಂದಿನ ಚೌಕ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ. ಪಿನ್‌ಗಳು ಹೊಳೆಯಬೇಕು. ಹಸಿರು ಅಥವಾ ಬಿಳಿ ಪುಡಿ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಕಂಪ್ಯೂಟರ್, ಪ್ರಿಂಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತಗಿನ ಬ್ರಷ್‌ನಿಂದ ಒರೆಸಿ. ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ತೆಂಗಿನೆಣ್ಣೆ, ಸೀಮೆಎಣ್ಣೆ ದಯವಿಟ್ಟು ಬೇಡ. ಪೂರ್ತಿ ಒಣಗಲಿ. ಪ್ಲಗ್ ಕಿತ್ತಿರುವಾಗಲೇ ಸಿಪಿಯುವಿನ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಆಮೇಲೆ ಹೊಸ ಕೇಬಲ್ ಹಾಕಿ. 5 ಮೀಟರಿಗಿಂತ ಉದ್ದದ್ದು ಬೇಡ, ಗಿಡ್ಡ ಇದ್ದಷ್ಟೂ ಒಳ್ಳೆಯದು. ಸಿಪಿಯುವಿನ ಮುಂದಿನ ಪೋರ್ಟಿಗೆ ಹಾಕದೆ ಹಿಂದಿನದಕ್ಕೆ ಹಾಕಿ. ಹಿಂದಿನವು ಮದರ್‌ಬೋರ್ಡ್ ಮೇಲೇ ಕೂತಿರುತ್ತವೆ. ಮುಂದಿನವು ಒಳಗೆ ಇನ್ನೊಂದು ವೈರ್ ಮೂಲಕ ಹೋಗುತ್ತವೆ, ಅದೂ ಸಡಿಲವಾಗಬಹುದು.

ಕಾರವಾರ: ಸರ್, ನೀವು ಹೇಳಿದ ಹಾಗೇ ಹಸಿರು ಇತ್ತು! ಒರೆಸಿ, ಕೇಬಲ್ ಬದಲಿಸಿ, ಹಿಂದಿನ ಪೋರ್ಟಿಗೆ ಹಾಕಿದೆ. ಸದ್ದು ಬಂತು. ಆದರೆ ಪ್ರಿಂಟ್ ಕೊಟ್ಟರೆ "ಆಫ್‌ಲೈನ್" ಅನ್ನುತ್ತದೆ.

ಉತ್ತರ: ದೊಡ್ಡ ಕೆಲಸ ಮುಗಿಯಿತು. ಪೋರ್ಟ್ ಬದಲಾಯಿತಲ್ಲ, ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡಿರಬೇಕು. ಪ್ರಿಂಟರ್ ಪಟ್ಟಿ ತೆರೆಯಿರಿ. ಹಳೆಯ ಹೆಸರಿನ ಜೊತೆಗೆ ಅದೇ ಹೆಸರಿಗೆ "ಕಾಪಿ 1" ಸೇರಿಸಿದ ಇನ್ನೊಂದು ಇರುತ್ತದೆ. ಅದನ್ನು ಡೀಫಾಲ್ಟ್ ಮಾಡಿ. ಅದರಲ್ಲಿ ಪ್ರಿಂಟ್ ಬಂದರೆ ಹಳೆಯದನ್ನು ತೆಗೆದುಬಿಡಿ. ಇನ್ನು ಮೇಲೆ ಕೇಬಲ್‌ನ ಪೋರ್ಟ್ ಬದಲಿಸಬೇಡಿ.

ಪ್ರಶ್ನೆ (ಅಂಕೋಲಾ): ಅಣ್ಣಾ, ಮೊಬೈಲ್ ಹಾಕಿದರೆ ಚಾರ್ಜ್ ಆಗುತ್ತದೆ, ಫೋಟೋ ಮಾತ್ರ ಕಾಣುವುದಿಲ್ಲ. ಡ್ರೈವರ್ ಯಾವುದು ಹಾಕಲಿ?

ಉತ್ತರ: ಯಾವುದೂ ಬೇಡ ತಮ್ಮಾ. ಮೇಲೆ ಹಸಿರು, ಬಿಳಿ ತಂತಿ ಅಂದೆನಲ್ಲ, ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಅವೆರಡು ಇರುವುದೇ ಇಲ್ಲ. ಫೋನ್ ಜೊತೆ ಬಂದ ಕೇಬಲ್ ಹಾಕು. ಹಾಕಿದ ಮೇಲೆ ಫೋನಿನ ಪರದೆ ಮೇಲಿಂದ ಕೆಳಗೆ ಎಳೆದು "ಫೈಲ್ ಟ್ರಾನ್ಸ್‌ಫರ್" ಆರಿಸು. ಫೋನ್ ಲಾಕ್ ಆಗಿದ್ದರೆ ಕಾಣುವುದಿಲ್ಲ, ಲಾಕ್ ತೆಗೆದಿರು.

ಪ್ರಶ್ನೆ (ಶಿರಸಿ): ನಮ್ಮದು ಅಡಿಕೆ ವ್ಯಾಪಾರ. ತೂಕದ ಮಷಿನ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ಸೀರಿಯಲ್ ಕೇಬಲ್ ಇದೆ. ತೂಕ ನೇರ ಬಿಲ್ಲಿಗೆ ಬೀಳುತ್ತಿತ್ತು. ಹೊಸ ಕಂಪ್ಯೂಟರ್ ತಂದೆವು, ವಿಂಡೋಸ್ 11. ಈಗ ಹಳದಿ ತ್ರಿಕೋನ ತೋರಿಸುತ್ತಿದೆ. ತೂಕವನ್ನು ಕೈಯಲ್ಲಿ ಹೊಡೆಯುತ್ತಿದ್ದೇವೆ. ಚಾಲಿ (ಒಣಗಿಸಿದ ಅಡಿಕೆ) ಬರುವ ಸಮಯ, ಒಂದು ಸೊನ್ನೆ ತಪ್ಪಿದರೂ ಕಷ್ಟ. ಇದೂ ಕಿಲುಬೇ?

ಉತ್ತರ: ಇಲ್ಲ, ಇದು ನಿಜವಾಗಿಯೂ ಡ್ರೈವರ್ ತೊಂದರೆ ಇರಬಹುದು. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನದ ಸಾಲಿನ ಮೇಲೆ ಎರಡು ಸಲ ಒತ್ತಿ. "ಡೀಟೇಲ್ಸ್" ಒಳಗೆ "ಹಾರ್ಡ್‌ವೇರ್ ಐಡಿ" ಆರಿಸಿ, ವಿಐಡಿ ಮತ್ತು ಪಿಐಡಿ ಮುಂದಿನ ಅಕ್ಷರಗಳನ್ನು ಹಾಕಿ. ಮೇಲೆ ಹೇಳಿದ ಕಂಪನಿ ನಂಬರು, ಮಾಡೆಲ್ ನಂಬರು ಅಂದರೆ ಇವೇ.

ಶಿರಸಿ: ವಿಐಡಿ 067ಬಿ, ಪಿಐಡಿ 2303. ಹೆಸರಿನ ಜಾಗದಲ್ಲಿ "ಪಿಎಲ್2303ಎಚ್‌ಎಕ್ಸ್‌ಎ ಫೇಸ್ಡ್ ಔಟ್ ಸಿನ್ಸ್ 2012" ಅಂತೇನೋ ಇದೆ.

ಉತ್ತರ: ಸರಿಯಾಗಿ ನೋಡಿ ಬರೆದಿರಿ, ಇಷ್ಟೇ ಸಾಕು. ಕೇಬಲ್‌ನ ತಲೆಯೊಳಗೆ ಒಂದು ಚಿಪ್ ಇದೆ. ನಿಮ್ಮದು ಹಳೆಯದು. 2012ರಿಂದ ಅದು ಚಾಲ್ತಿಯಲ್ಲಿಲ್ಲ ಅನ್ನುವುದೇ ಆ ಸಾಲಿನ ಅರ್ಥ. ಹೊಸ ಡ್ರೈವರ್ ಅದನ್ನು ಗುರುತಿಸುತ್ತದೆ, ಆದರೆ ಕೆಲಸ ಮಾಡಲು ಬಿಡುವುದಿಲ್ಲ. ಕೇಬಲ್ ಕೆಟ್ಟಿಲ್ಲ.

ಹಳೆಯ ಡ್ರೈವರ್ ಹಾಕಿದರೆ ನಡೆಯಬಹುದು. ಹಳೆಯ ಕಂಪ್ಯೂಟರ್ ಜೊತೆ ಕೊಟ್ಟ ಸಿಡಿ ಇದ್ದರೆ ಅದರಿಂದ ಇನ್‌ಸ್ಟಾಲ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನ ಅದೇ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ "ಅಪ್‌ಡೇಟ್ ಡ್ರೈವರ್", "ಬ್ರೌಸ್ ಮೈ ಕಂಪ್ಯೂಟರ್", "ಲೆಟ್ ಮಿ ಪಿಕ್" ಅಂತ ಹೋದರೆ ಎರಡು ಮೂರು ದಿನಾಂಕದ ಡ್ರೈವರ್‌ಗಳು ಪಟ್ಟಿಯಲ್ಲಿ ಕಾಣುತ್ತವೆ. ಹಳೆಯ ದಿನಾಂಕದ್ದು ಆರಿಸಿ. ಆದರೆ ವಿಂಡೋಸ್ ಅಪ್‌ಡೇಟ್ ಬಂದಾಗ ಮತ್ತೆ ಹೊಸದು ಬಂದು ಕೂರಬಹುದು. ನನ್ನನ್ನು ಕೇಳಿದರೆ ಸೀಸನ್‌ನಲ್ಲಿ ಈ ಗುದ್ದಾಟ ಬೇಡ, ಹೊಸ ಕೇಬಲ್ ತನ್ನಿ. ಎಫ್‌ಟಿಡಿಐ ಚಿಪ್ ಇರುವುದು ಕೇಳಿ, ಅದರ ವಿಐಡಿ 0403. ಸಿಎಚ್340 ಚಿಪ್‌ನದು ಕಡಿಮೆ ಬೆಲೆಗೆ ಸಿಗುತ್ತದೆ, ಅದರ ವಿಐಡಿ 1ಎ86. ಅದೂ ನಡೆಯುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಹೊಸ ಕೇಬಲ್ ಹೊಸ ಕಾಮ್ ನಂಬರು (ಸೀರಿಯಲ್ ಕೇಬಲ್‌ಗೆ ವಿಂಡೋಸ್ ಕೊಡುವ ಪೋರ್ಟ್ ನಂಬರು) ತೆಗೆದುಕೊಳ್ಳುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ 3 ನೋಡುತ್ತಾ ಕೂತಿರುತ್ತದೆ, ಕೇಬಲ್ ಕಾಮ್ 5ರಲ್ಲಿ ಇರುತ್ತದೆ. ಡ್ರೈವರ್ ಸರಿ ಇದ್ದರೂ ತೂಕ ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕೇಬಲ್‌ನ ಸಾಲಿನ ಮೇಲೆ ಎರಡು ಸಲ ಒತ್ತಿ, "ಪೋರ್ಟ್ ಸೆಟ್ಟಿಂಗ್ಸ್", "ಅಡ್ವಾನ್ಸ್ಡ್" ಒಳಗೆ ಹೋಗಿ ನಂಬರು 3 ಮಾಡಿಬಿಡಿ.

ಶಿರಸಿ: ಹೊಸ ಕೇಬಲ್ ತಂದೆವು. ನೀವಂದ ಹಾಗೆ ಕಾಮ್ 4 ಅಂತ ಕೂತಿತ್ತು, 3 ಮಾಡಿದ ಕೂಡಲೇ ತೂಕ ಬಿತ್ತು. ತುಂಬಾ ಉಪಕಾರ ಆಯಿತು ಮಾರಾಯ್ರೆ.

ಪ್ರಶ್ನೆ (ಸಿದ್ದಾಪುರ): ಆಧಾರ್ ಬೆರಳಚ್ಚು ಯಂತ್ರ, ಕೋಡ್ 28. ಗೂಗಲ್‌ನಲ್ಲಿ ಹುಡುಕಿದೆ, "ಎಲ್ಲ ಡ್ರೈವರ್ ಒಂದೇ ಸಲಕ್ಕೆ ಅಪ್‌ಡೇಟ್" ಅನ್ನುವ ಸಾಫ್ಟ್‌ವೇರ್ ಸಿಕ್ಕಿತು. ಹಾಕಲೇ?

ಉತ್ತರ: ಬೇಡ, ಖಂಡಿತ ಬೇಡ. ಇಂಥವು ಜೊತೆಗೆ ಜಾಹೀರಾತು ತಂದು ಕೂರಿಸುತ್ತವೆ, ಸರಿ ಇದ್ದ ಡ್ರೈವರ್ ಬದಲಿಸಿ ಬೇರೆ ತೊಂದರೆ ಮಾಡುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಜನರ ಆಧಾರ್ ಕೆಲಸ ನಡೆಯುತ್ತದೆ. ಅಲ್ಲಿ ಗೊತ್ತಿಲ್ಲದ ಸಾಫ್ಟ್‌ವೇರ್ ಇರಲೇಬಾರದು.

ಕೋಡ್ 28 ಅಂದರೆ ಡ್ರೈವರ್ ಇಲ್ಲ ಅಂತಷ್ಟೇ. ಇದು ಸುಲಭದ್ದು. ಯಂತ್ರದ ಹಿಂದೆ ಮಾಡೆಲ್ ಬರೆದಿರುತ್ತದೆ. ಅದೇ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಮೊದಲು ನೋಡಿ, 32ರ ಡ್ರೈವರ್ 64ರಲ್ಲಿ ಕೂರುವುದಿಲ್ಲ. ಯಂತ್ರ ಕಿತ್ತಿಟ್ಟು ಡ್ರೈವರ್ ಹಾಕಿ, ಆಮೇಲೆ ಆರ್‌ಡಿ ಸರ್ವಿಸ್ (ಬೆರಳಚ್ಚು ಯಂತ್ರವನ್ನು ಆಧಾರ್ ಕೆಲಸಕ್ಕೆ ಜೋಡಿಸುವ ಸಾಫ್ಟ್‌ವೇರ್) ಹಾಕಿ, ಕೊನೆಗೆ ಯಂತ್ರ ಚುಚ್ಚಿ. ಡ್ರೈವರ್ ಇದ್ದು ಆರ್‌ಡಿ ಸರ್ವಿಸ್ ಇಲ್ಲದಿದ್ದರೆ ಯಂತ್ರ ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಆಧಾರ್ ಕೆಲಸಕ್ಕೆ ಬೆರಳು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ (ಯಲ್ಲಾಪುರ): ಮೊನ್ನೆ ಸಿಡಿಲು ಹೊಡೆದ ಮೇಲೆ ಕಂಪ್ಯೂಟರ್ ಆನ್ ಆಗುತ್ತದೆ, ಯುಎಸ್‌ಬಿ ಪೋರ್ಟ್ ಒಂದೂ ನಡೆಯುತ್ತಿಲ್ಲ. ಮೌಸ್, ಕೀಬೋರ್ಡ್ ಎರಡೂ ಸತ್ತಿವೆ. ವಿಂಡೋಸ್ ಹೊಸದಾಗಿ ಹಾಕಿಸಬೇಕೇ?

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ. ಬಯೋಸ್ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ) ತೆರೆದು ಅಲ್ಲಿ ಕೀಬೋರ್ಡ್ ನಡೆದರೆ ಪೋರ್ಟ್ ಬದುಕಿದೆ, ತೊಂದರೆ ವಿಂಡೋಸ್‌ನಲ್ಲಿದೆ. ಅಲ್ಲೂ ನಡೆಯದಿದ್ದರೆ ಬೇರೆ ಕೀಬೋರ್ಡ್ ಹಾಕಿ ಮತ್ತೆ ನೋಡಿ. ಬಯೋಸ್‌ಗೆ ವಿಂಡೋಸ್ ಡ್ರೈವರ್ ಬೇಕಾಗುವುದಿಲ್ಲ. ಎರಡು ಕೀಬೋರ್ಡ್ ನಡೆಯದಿದ್ದರೆ ಮದರ್‌ಬೋರ್ಡ್‌ಗೆ ಪೆಟ್ಟು ಬಿದ್ದಿರಬೇಕು, ವಿಂಡೋಸ್ ಹಾಕಿಸಿ ಪ್ರಯೋಜನವಿಲ್ಲ. ಡೆಸ್ಕ್‌ಟಾಪ್ ಆದರೆ ಪಿಸಿಐ ಎಕ್ಸ್‌ಪ್ರೆಸ್ ಯುಎಸ್‌ಬಿ ಕಾರ್ಡ್ (ಬೇರೆ ಯುಎಸ್‌ಬಿ ಪೋರ್ಟ್‌ಗಳನ್ನು ಕೊಡುವ ಬಿಡಿ ಕಾರ್ಡ್) ಕೂರಿಸಿ ನೋಡಬಹುದು, ಬೋರ್ಡ್ ಬದಲಿಸುವುದಕ್ಕಿಂತ ಅಗ್ಗ. ಗುಡುಗು ಶುರುವಾದರೆ ಕರೆಂಟ್ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕೀಳಿ. ಆ ದಾರಿಯಲ್ಲೂ ಸಿಡಿಲು ಬರುತ್ತದೆ.

ಪ್ರಶ್ನೆ (ಹೊನ್ನಾವರ): ನಾನು ಶಾಲೆಯಲ್ಲಿ ಟೀಚರ್. ಅಪ್ಪ ಯಕ್ಷಗಾನ ಭಾಗವತರಾಗಿದ್ದರು. ಅವರ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೆ. ಕ್ಯಾಸೆಟ್‌ಗಳು ಬೂಸ್ಟು ಹಿಡಿದು ಹೋದವು, ಈಗ ಇರುವುದು ಇದೊಂದೇ. ನಿನ್ನೆ ಹಾಕಿದರೆ ಒಮ್ಮೆ ಕಾಣುತ್ತದೆ, ಮಾಯವಾಗುತ್ತದೆ. ಕೊನೆಗೆ "ಯು ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್" ಅಂತ ಕೇಳಿತು. ಹೆದರಿ ಹಾಗೇ ಬಿಟ್ಟಿದ್ದೇನೆ.

ಉತ್ತರ: ಅಕ್ಕೋರೆ, ಬಿಟ್ಟಿದ್ದು ಬಹಳ ಒಳ್ಳೆಯದಾಯಿತು. "ಕ್ಯಾನ್ಸಲ್" ಒತ್ತಿ. ಈ ಗುಂಪಿನ ಎಲ್ಲರೂ ಓದಲಿ: ಒಳಗೆ ಬೇಕಾದದ್ದು ಇದ್ದರೆ ಆ ಪ್ರಶ್ನೆಗೆ "ಫಾರ್ಮ್ಯಾಟ್" ಅಂತ ಯಾವತ್ತೂ ಒತ್ತಬೇಡಿ. ನಾನು ಕೆಲಸ ಕಲಿಯುವಾಗ ಒಬ್ಬರ ಮದುವೆ ಫೋಟೋಗಳ ಪೆನ್‌ಡ್ರೈವ್‌ಗೆ ಹಾಗೆ ಒತ್ತಿದ್ದೆ. ಅರ್ಧಕ್ಕರ್ಧ ಫೋಟೋ ವಾಪಸ್ ಬರಲೇ ಇಲ್ಲ. ಅವರು ಬೈಯಲಿಲ್ಲ, ಸುಮ್ನೆ ಎದ್ದು ಹೋದರು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಮೊದಲು ಕಿವಿಗೊಟ್ಟು ಕೇಳಿ. ಡಿಸ್ಕ್ ಒಳಗಿಂದ ಟಕ್, ಟಕ್ ಅಂತ ಒಂದೇ ಸಮನೆ ಬರುತ್ತಿದ್ದರೆ ತಕ್ಷಣ ಕಿತ್ತುಬಿಡಿ, ಮತ್ತೆ ಹಾಕಲೇಬೇಡಿ. ಅದು ಡೇಟಾ ರಿಕವರಿ ಮಾಡುವವರ ಕೈಗೇ ಹೋಗಬೇಕು. ಆ ಸದ್ದು ಇಲ್ಲ, ತಿರುಗುವ ಸಣ್ಣ ಗುಂಯ್ ಮಾತ್ರ ಇದೆ ಅಂದರೆ ಕರೆಂಟ್ ಸಾಲುತ್ತಿಲ್ಲದಿರಬಹುದು. ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ತಿರುಗಲು ಶುರುಮಾಡುವಾಗ ಹಾರ್ಡ್‌ಡಿಸ್ಕ್‌ಗೆ ಜಾಸ್ತಿ ಬೇಕು. ಸಾಲದಿದ್ದರೆ ಎದ್ದು ಎದ್ದು ಬೀಳುತ್ತದೆ, ನೀವು ಹೇಳಿದ ಹಾಗೇ ಕಂಡು ಮಾಯವಾಗುತ್ತದೆ. ಈಗ ಯಾವುದಕ್ಕೆ ಹಾಕಿದ್ದೀರಿ?

ಹೊನ್ನಾವರ: ಟಕ್ ಟಕ್ ಇಲ್ಲ. ಲ್ಯಾಪ್‌ಟಾಪ್‌ಗೆ ನಾಲ್ಕು ಪೋರ್ಟಿನ ಹಬ್ ಇದೆ, ಅದಕ್ಕೆ ಹಾಕಿದ್ದೇನೆ. ಅದರಲ್ಲೇ ಮೌಸ್, ಪ್ರಿಂಟರ್ ಕೂಡ ಇವೆ.

ಉತ್ತರ: ಅಲ್ಲೇ ಇದೆ. ಒಂದು ಪೋರ್ಟಿನ ಕರೆಂಟನ್ನು ಹಬ್ ಎಲ್ಲರಿಗೂ ಹಂಚುತ್ತಿದೆ. ಹಬ್ ಬಿಟ್ಟು ಲ್ಯಾಪ್‌ಟಾಪ್‌ಗೆ ನೇರ ಹಾಕಿ. ಒಳಗಿನ ನಾಲಿಗೆ ನೀಲಿ ಇರುವ ಪೋರ್ಟ್ ಇದ್ದರೆ ಅದಕ್ಕೇ ಹಾಕಿ, ಅದು ಸಾಮಾನ್ಯವಾಗಿ 3.0. ಡಿಸ್ಕ್ ಜೊತೆ ಬಂದ ಗಿಡ್ಡ ಕೇಬಲನ್ನೇ ಬಳಸಿ. ಆಮೇಲೆ ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ "ಡಿಸ್ಕ್ ಮ್ಯಾನೇಜ್‌ಮೆಂಟ್" ನೋಡಿ. "ಹೆಲ್ದಿ" ಅಂತಿದ್ದು ಡ್ರೈವ್ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಟ್ಟರೆ ಸಾಕು. "ರಾ" ಅಂತಿದ್ದರೆ (ವಿಂಡೋಸ್‌ಗೆ ಡಿಸ್ಕ್ ಓದಲಾಗುತ್ತಿಲ್ಲ ಅಂತ ಅರ್ಥ) ಏನನ್ನೂ ಒತ್ತದೆ ನನಗೆ ಹೇಳಿ. ರಿಪೇರಿ ಮಾಡುವ ಯಾವ ಸಾಫ್ಟ್‌ವೇರನ್ನೂ ಓಡಿಸಬೇಡಿ.

ಹೊನ್ನಾವರ: ನೇರ ಹಾಕಿದೆ. ಬಂತು! ಎಲ್ಲ ಪ್ರಸಂಗಗಳೂ ಇವೆ. ಒಂದು ಹಾಕಿ ಕೇಳಿದೆ, ಅಪ್ಪನ ಧ್ವನಿ ಸ್ಪಷ್ಟವಾಗಿದೆ.

ಉತ್ತರ: ತುಂಬಾ ಸಂತೋಷ ಅಕ್ಕೋರೆ. ಈಗ ಕೇಳುತ್ತಾ ಕೂರಬೇಡಿ, ಮೊದಲು ಕಾಪಿ ಮಾಡಿ. ಇವತ್ತೇ ಮಾಡಿ. ಒಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿ, ಇನ್ನೊಂದು ಹೊಸ ಡಿಸ್ಕ್‌ನಲ್ಲಿ ಇರಲಿ. ಹೊಸ ಡಿಸ್ಕ್ ಬೇರೆ ಊರಿನ ತಮ್ಮನೋ ತಂಗಿಯೋ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾಪಿ ಆಗುವಾಗ ಚಾರ್ಜರ್ ಹಾಕಿಡಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ "ನೆವರ್"ಗೆ ಇಡಿ. ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ "ಪ್ರಾಪರ್ಟೀಸ್" ನೋಡಿ. ಫೈಲ್‌ಗಳ ಸಂಖ್ಯೆ, ಸೈಜು ಎರಡೂ ಒಂದೇ ಇರಬೇಕು. ಕೀಳುವ ಮೊದಲು ಕೆಳಗಿನ ಮೂಲೆಯಲ್ಲಿ "ಸೇಫ್ಲಿ ರಿಮೂವ್" ಒತ್ತಿ.

ಮಳೆಗಾಲದಲ್ಲಿ ಡಿಸ್ಕ್‌ಗಳನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ, ಬ್ಯಾಗ್ ತಂದಾಗ ಒಳಗೆ ಬರುತ್ತವಲ್ಲ, ಅವೇ ಸಾಕು.

ಹೊನ್ನಾವರ: ಹೊಸ ಡಿಸ್ಕ್ ತರಲು ಮಗನನ್ನು ಪೇಟೆಗೆ ಕಳಿಸಿದ್ದೇನೆ. ಲ್ಯಾಪ್‌ಟಾಪ್‌ಗೆ ಕಾಪಿ ಶುರುವಾಗಿದೆ, ಇನ್ನು ಎರಡು ಗಂಟೆ ಅಂತ ತೋರಿಸುತ್ತಿದೆ. ಪಕ್ಕದಲ್ಲೇ ಕೂತಿದ್ದೇನೆ.